ರೆಡಿಮೇಡ್ ಪ್ಯಾಕೆಟ್‌ಗಳಲ್ಲಿ ಬುಟ್ಟಿಗೆ ಹಾಕೋದು ಯಾವುದು, ಶೆಲ್ಫಿಗೆ ವಾಪಸ್ ಇಡೋದು ಯಾವುದು

ಮಕ್ಕಳಿರುವ ಮನೆ, ದೊಡ್ಡವರೆಲ್ಲ ಕೆಲಸಕ್ಕೆ ಹೋಗುವವರು ಅಂದ ಮೇಲೆ ರೆಡಿಮೇಡ್ ಆಹಾರ ಮುಟ್ಟುವುದೇ ಇಲ್ಲ ಅನ್ನೋದು ಆಗದ ಮಾತು. ಬೇಕಾಗುತ್ತದೆ, ಕೊಳ್ಳಬೇಕು. ಆದರೆ ಕೈಗೆತ್ತಿಕೊಂಡ ಪ್ರತಿ ಪ್ಯಾಕೆಟ್‌ನಲ್ಲೂ ನಾನು ನೋಡುವುದು ಒಂದೇ: ಇವರು ನನ್ನ ಅಡುಗೆಮನೆ ಕೆಲಸವನ್ನಷ್ಟೇ ಮಾಡಿಕೊಟ್ಟಿದ್ದಾರಾ, ಇಲ್ಲ ಜೊತೆಗೆ ಉಪ್ಪು, ಸಕ್ಕರೆ, ಎಣ್ಣೆಯನ್ನೂ ಸುರಿದಿದ್ದಾರಾ? ಸಿಪ್ಪೆ ಸುಲಿದು, ಹೆಚ್ಚಿ, ಬೇಯಿಸಿ ಕೊಟ್ಟರೆ ಸಂತೋಷ. ರುಚಿ ಮನೆಯಲ್ಲೇ ಹಾಕಿಕೊಳ್ಳೋಣ.

ಈ ಲೆಕ್ಕದಲ್ಲಿ ನನ್ನ ಪೂರ್ತಿ ಅಂಕ ಫ್ರೋಜನ್ ತರಕಾರಿಗೆ. ತಾಜಾ ಅಲ್ಲ ಅಂತ ಮೂಗು ಮುರಿಯುವವರೇ ಜಾಸ್ತಿ. ಆದರೆ ಬಟಾಣಿ, ಬೀನ್ಸ್, ಪಾಲಕ್ ಇವನ್ನೆಲ್ಲ ಕೊಯ್ದ ಮೇಲೆ ಬೇಗನೇ ಬಿಸಿನೀರಲ್ಲೋ ಹಬೆಯಲ್ಲೋ ಸ್ವಲ್ಪ ಹೊತ್ತು ಇಟ್ಟು ತೆಗೆದು ಫ್ರೀಜ್ ಮಾಡುತ್ತಾರೆ. ಆಗ ಒಂದಿಷ್ಟು ವಿಟಮಿನ್ ಸಿ ಹೋಗುತ್ತದೆ, ನಿಜ. ಆದರೆ ಬಣ್ಣ, ರುಚಿ ಕೆಡಿಸುವ ಕಿಣ್ವಗಳ ಕೆಲಸ ಅಲ್ಲಿಗೆ ನಿಲ್ಲುತ್ತದೆ. ತಾಜಾ ಅಂತ ತಂದು ಫ್ರಿಜ್ಜಿನಲ್ಲಿ ದಿನಗಟ್ಟಲೆ ಬಾಡಿಸಿದ ಪಾಲಕ್ ಕೂಡ ವಿಟಮಿನ್ ಸಿ ಕಳೆದುಕೊಳ್ಳುತ್ತಲೇ ಇರುತ್ತದೆ, ಅಲ್ವಾ? ಕೊಳ್ಳುವಾಗ ಪ್ಯಾಕೆಟ್ ಒಮ್ಮೆ ಅಲ್ಲಾಡಿಸಿ ನೋಡಿ. ಕಾಳು ಬಿಡಿಬಿಡಿಯಾಗಿ ಸದ್ದು ಮಾಡಿದರೆ ಸರಿ, ಒಂದೇ ಗಟ್ಟಿ ಉಂಡೆಯಾಗಿದ್ದರೆ ಎಲ್ಲೋ ಮಧ್ಯೆ ಕರಗಿ ಮತ್ತೆ ಹೆಪ್ಪುಗಟ್ಟಿರಬಹುದು, ಬಿಟ್ಟುಬಿಡಿ. ಸಾಸ್ ಬೆರೆಸಿದ ತರಕಾರಿ ಪ್ಯಾಕೆಟ್ ಬೇಡ.

ಎರಡನೆಯದು ಡಬ್ಬಿಯಲ್ಲಿ ಬರುವ ಬೆಂದ ಕಾಳು. ನೆನೆಸುವ, ಬೇಯಿಸುವ ಕೆಲಸವೇ ಇಲ್ಲ. ಪ್ರೊಟೀನ್, ನಾರು ಎರಡೂ ಚೆನ್ನಾಗಿ ಸಿಗುತ್ತವೆ. ತೊಂದರೆ ಇರೋದು ಆ ಉಪ್ಪುನೀರಿನಲ್ಲಿ. ಕಾಳನ್ನು ಜರಡಿಗೆ ಸುರಿದು, ಬಿಳಿ ನೊರೆ ಪೂರ್ತಿ ಹೋಗುವ ತನಕ ನಲ್ಲಿ ಕೆಳಗೆ ತೊಳೆಯಿರಿ. ಸೋಡಿಯಂ ಮೂರನೇ ಒಂದು ಭಾಗಕ್ಕಿಂತಲೂ ಜಾಸ್ತಿ ಇಳಿಯುತ್ತದೆ. ಉಪ್ಪು ಹಾಕದ ಡಬ್ಬಿ ಸಿಕ್ಕರೆ ಅದನ್ನೇ ತನ್ನಿ.

ಈಗ ಬೇಸರದ ವಿಷಯ, ಬೆಳಗಿನ ಸೀರಿಯಲ್. ನನಗೆ ನಿಜಕ್ಕೂ ಸಿಟ್ಟು ಬರೋದು ಇಲ್ಲೇ. ಡಬ್ಬದ ಮುಂದೆ ವಿಟಮಿನ್, ಕಬ್ಬಿಣ, ನಗುವ ಮಕ್ಕಳ ಚಿತ್ರ. ಹಿಂದೆ ತಿರುಗಿಸಿದರೆ 100 ಗ್ರಾಂಗೆ 25 ಗ್ರಾಂ ಸಕ್ಕರೆ ಇರುವ ಡಬ್ಬಗಳೂ ಸಿಗುತ್ತವೆ. ಒಂದು ಸರ್ವಿಂಗ್ ಅಂದರೆ 30 ಗ್ರಾಂ ಅಂತ ಬರೆದು ಆ ಸಂಖ್ಯೆಯನ್ನು ಚಿಕ್ಕದಾಗಿ ಕಾಣಿಸುತ್ತಾರೆ. ಆದರೆ ಬೆಳೆಯುವ ಮಕ್ಕಳು ಬಟ್ಟಲಿಗೆ ಸುರಿದುಕೊಳ್ಳುವುದು ಸುಲಭವಾಗಿ ಅದರ ಎರಡರಷ್ಟು, 60 ಗ್ರಾಂ. ಅಂದರೆ 15 ಗ್ರಾಂ, ಹೆಚ್ಚುಕಡಿಮೆ ನಾಲ್ಕು ಟೀ ಚಮಚ ಸಕ್ಕರೆ, ಅದೂ ದಿನ ಶುರುವಾಗುವ ಮೊದಲೇ. ಹಾಗಾಗಿ ಸರ್ವಿಂಗ್ ಕಾಲಂ ಬಿಡಿ, 100 ಗ್ರಾಂ ಕಾಲಂ ಮಾತ್ರ ನೋಡಿ. ಎರಡು ಬ್ರ್ಯಾಂಡ್ ಹೋಲಿಸೋಕೂ ಅದೇ ದಾರಿ. ಅದರ ಬದಲು ಏನೂ ಬೆರೆಸದ ಓಟ್ಸ್ ತನ್ನಿ, 100 ಗ್ರಾಂಗೆ ಸುಮಾರು 10 ಗ್ರಾಂ ನಾರು ಇರುತ್ತದೆ. ಬಾಳೆಹಣ್ಣು ಹೆಚ್ಚಿ ಹಾಕಿದರೆ ಮಕ್ಕಳು ತಿನ್ನುತ್ತಾರೆ. ಹಣ್ಣಿನ ಫ್ಲೇವರ್ ಇರುವ ಓಟ್ಸ್ ಸ್ಯಾಶೆಗಳಲ್ಲಿ ಬಹಳಷ್ಟು ಮತ್ತದೇ ಸಕ್ಕರೆ ಕಥೆ.

ಫ್ಲೇವರ್ಡ್ ಯೋಗರ್ಟ್ ಬಗ್ಗೆ ಒಂದು ಮಾತು. ಸಾದಾ ಯೋಗರ್ಟ್‌ನಲ್ಲೂ ಹಾಲಿನದೇ ಸಕ್ಕರೆ 100 ಗ್ರಾಂಗೆ 4-5 ಗ್ರಾಂ ಇರುತ್ತದೆ, ಅದಕ್ಕೆ ಹೆದರಬೇಡಿ. ಅದಕ್ಕಿಂತ ಮೇಲೆ ಎಷ್ಟಿದೆಯೋ ಅದೆಲ್ಲ ಹೆಚ್ಚುಕಡಿಮೆ ಆಮೇಲೆ ಸೇರಿದ್ದು. ಜ್ಯೂಸ್ ಪ್ಯಾಕ್ ನನ್ನ ಬುಟ್ಟಿಗೆ ಬರೋದೇ ಇಲ್ಲ. ನೂರಕ್ಕೆ ನೂರು ಹಣ್ಣಿನ ರಸವಾದರೂ ವಿಶ್ವ ಆರೋಗ್ಯ ಸಂಸ್ಥೆ ಅದರ ಸಕ್ಕರೆಯನ್ನು ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ.

ಇನ್ನು ಇನ್‌ಸ್ಟಂಟ್ ನೂಡಲ್ಸ್, ಸೂಪ್ ಪುಡಿ. ಇಲ್ಲಿ ಸೋಡಿಯಂ ನೋಡಲೇಬೇಕು. ದೊಡ್ಡವರಿಗೇ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ಅದೇ ಸಂಸ್ಥೆ, ಮಕ್ಕಳಿಗೆ ಇನ್ನೂ ಕಡಿಮೆ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 800 ಮಿಲಿಗ್ರಾಂ ಅಂದರೆ 2 ಗ್ರಾಂ ಉಪ್ಪು, ಒಂದೇ ತಿಂಡಿಯಲ್ಲಿ! ಮಕ್ಕಳು ಹಟ ಹಿಡಿದಾಗ ಮಸಾಲೆ ಪುಡಿ ಅರ್ಧವೇ ಹಾಕಿ, ಫ್ರೀಜರ್‌ನಲ್ಲಿರುವ ಬಟಾಣಿ ಧಾರಾಳವಾಗಿ ಸುರಿಯಿರಿ. ಆದರೂ ನನ್ನ ಪ್ರಕಾರ ಇವು ವಾರವಾರ ತರುವ ಸಾಮಾನಲ್ಲ.

ಬ್ರೆಡ್ ಕೊಳ್ಳುವಾಗ ಕಂದು ಬಣ್ಣ ನಂಬಬೇಡಿ. ಕ್ಯಾರಮೆಲ್ ಹಾಕಿದರೂ ಆ ಬಣ್ಣ ಬರುತ್ತದೆ. ಮಲ್ಟಿಗ್ರೇನ್ ಅಂದರೆ ಹಲವು ಧಾನ್ಯ ಇದೆ ಅಂತ ಅಷ್ಟೇ, ಮುಕ್ಕಾಲು ಪಾಲು ಮೈದಾ ಇದ್ದರೂ ಹಾಗೆ ಬರೆದಿರುತ್ತಾರೆ. ಪದಾರ್ಥಗಳ ಪಟ್ಟಿ ತೂಕದ ಪ್ರಕಾರ ಇರುತ್ತದೆ, ಜಾಸ್ತಿ ಇರೋದು ಮೊದಲು. ಅಲ್ಲಿ ಮೊದಲ ಹೆಸರೇ ಇಡೀ ಗೋಧಿ ಹಿಟ್ಟು ಅಂತಿದ್ದರೆ ತಗೊಳ್ಳಿ, ಮೈದಾ ಅಂತಿದ್ದರೆ ಪಕ್ಕದ ಪ್ಯಾಕೆಟ್ ನೋಡಿ.