ಹಿರೇಬೆಣಕಲ್ ಗುಡ್ಡವನ್ನು ಮಧ್ಯಾಹ್ನದ ಮೇಲೆ ಹತ್ತಬೇಡಿ

ಹಂಪಿಯಲ್ಲಿ ಉಳಿದುಕೊಂಡಿದ್ದ ಆರು ಜನರ ತಂಡವೊಂದು ಅಕ್ಟೋಬರ್ ಕೊನೆಯಲ್ಲಿ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಮನೆಗಳನ್ನು, ಅಂದರೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಪುರಾತನ ಸಮಾಧಿಗಳನ್ನು, ನೋಡಲು ಹೊರಟಿತ್ತು. ರಾತ್ರಿ ಎಂಟೂವರೆಗೆ ಊರಿನವರು ಬ್ಯಾಟರಿ ಹಿಡಿದು ಹುಡುಕಿಕೊಂಡು ಹೋಗಿ ಅವರನ್ನು ಕೆಳಗಿಳಿಸಬೇಕಾಯಿತು. ಒಬ್ಬರ ಕಾಲು ಉಳುಕಿತ್ತು, ಇಬ್ಬರು ನೀರಿಲ್ಲದೆ ಬಳಲಿ ಕೂತಿದ್ದರು. ಜೀವಕ್ಕೇನೂ ಆಗಲಿಲ್ಲ. ಆದರೆ ಅವರು ಕೆಟ್ಟದ್ದು ಗುಡ್ಡದ ಮೇಲಲ್ಲ, ಬೆಳಗ್ಗೆ ರೂಮಿನಲ್ಲಿ ಕೂತು ಮಾಡಿದ ಲೆಕ್ಕದಲ್ಲಿ.

ಮೊದಲ ತಪ್ಪು ಹೊಳೆ ದಾಟುವ ಲೆಕ್ಕದ್ದು. ಫೋನಿನ ನಕ್ಷೆಯಲ್ಲಿ ಹಂಪಿಗೂ ಹಿರೇಬೆಣಕಲ್ಲಿಗೂ ಕೂಗಳತೆಯ ದೂರ ಎನ್ನುವಂತೆ ಕಾಣುತ್ತದೆ. ನಡುವೆ ತುಂಗಭದ್ರೆ ಇದೆ. ತಳವಾರಘಟ್ಟದಲ್ಲಿ ದೋಣಿ ದಾಟಿ ಆನೆಗೊಂದಿಗೆ ಹೋಗಿ ಅಲ್ಲಿಂದ ಆಟೊ ಹಿಡಿಯುವುದು ಅವರ ಯೋಜನೆ. ಜಲಾಶಯದಿಂದ ನೀರು ಬಿಟ್ಟಿದ್ದರಿಂದ ಅಂದು ದೋಣಿ ನಿಂತಿತ್ತು. ಅಲ್ಲಿ ಕಾದು, ಕೊನೆಗೆ ಕಾರು ಹುಡುಕಿ ಸುತ್ತಿಕೊಂಡು ಬರುವಷ್ಟರಲ್ಲಿ ಎರಡೂವರೆ ತಾಸು ಹೋಯಿತು. ಜುಲೈನಿಂದ ಅಕ್ಟೋಬರ್‌ವರೆಗೆ ದೋಣಿಯನ್ನು ನಂಬಿ ಯಾವ ಯೋಜನೆಯನ್ನೂ ಮಾಡಬೇಡಿ. ಹಂಪಿಯಿಂದ ಬರುವವರಿಗೆ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಇದೆ, ಕಾರಿನಲ್ಲಿ ಒಂದೂವರೆ ತಾಸು ಇಟ್ಟುಕೊಳ್ಳಿ. ಹೊಸಪೇಟೆಯಿಂದ ನೇರ ಬರುವವರು ಮುನಿರಾಬಾದ್ ಕಡೆಯ ದಾರಿ ಹಿಡಿಯುವುದು ಒಳ್ಳೆಯದು. ಕಂಪ್ಲಿ ಸೇತುವೆ ತಗ್ಗಿನಲ್ಲಿದೆ, ಹೊಳೆಗೆ ಹೆಚ್ಚು ನೀರು ಬಿಟ್ಟರೆ ಮುಳುಗುತ್ತದೆ, ಆಗ ಸಂಚಾರ ಬಂದ್. ಹೊರಡುವ ಹಿಂದಿನ ರಾತ್ರಿ ಜಲಾಶಯದ ಹೊರಹರಿವು ಎಷ್ಟು ಕ್ಯೂಸೆಕ್ ಎಂದು ಸುದ್ದಿಯಲ್ಲಿ ನೋಡಿಕೊಳ್ಳಿ.

ಇದಕ್ಕಿಂತ ಸುಲಭದ ದಾರಿಯೆಂದರೆ ಹಿಂದಿನ ರಾತ್ರಿಯೇ ಗಂಗಾವತಿಗೆ ಬಂದು ಉಳಿಯುವುದು. ಅಲ್ಲಿಂದ ಹಿರೇಬೆಣಕಲ್ ಪಡುವಣಕ್ಕೆ ಹತ್ತು ಕಿಲೋಮೀಟರ್ ಆಸುಪಾಸು. ಗಂಗಾವತಿಗೆ ರೈಲು ಬರುತ್ತದೆ, ಆದರೆ ಕಡಿಮೆ. ಹೊಸಪೇಟೆ ಜಂಕ್ಷನ್‌ನಲ್ಲಿ ಇಳಿದು ಬಸ್ಸು ಹಿಡಿಯುವವರೇ ಜಾಸ್ತಿ.

ಎರಡನೆಯದು ಹೆಸರಿನ ಗೊಂದಲ. ಗಂಗಾವತಿ ತಾಲ್ಲೂಕಿನಲ್ಲೇ ಚಿಕ್ಕಬೆಣಕಲ್ ಎಂಬ ಇನ್ನೊಂದು ಊರಿದೆ. ಚಾಲಕರಿಗೆ ಬರೀ ‘ಬೆಣಕಲ್’ ಎಂದರೆ ಅವರು ಎಲ್ಲಿಗೆ ಬೇಕಾದರೂ ಬಿಡಬಹುದು. ಈ ತಂಡಕ್ಕೆ ಆದದ್ದೂ ಅದೇ, ಇನ್ನೂ ಮುಕ್ಕಾಲು ತಾಸು ನಷ್ಟ. ಊರಿನಲ್ಲಿ ‘ಪುರಾತತ್ವ ತಾಣ’, ‘ಶಿಲಾಯುಗದ ಸಮಾಧಿ’ ಎಂದು ಕೇಳಿದರೆ ಜನ ಮುಖ ನೋಡುತ್ತಾರೆ. ಮೋರೇರ ಗುಡ್ಡ ಎಲ್ಲಿ ಎಂದು ಕೇಳಿ, ಚಿಕ್ಕ ಹುಡುಗರೂ ಕೈ ತೋರಿಸುತ್ತಾರೆ. ಬಸ್ಸಿಗೆ ಬರುವುದಾದರೆ ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿಕೊಳ್ಳಿ, ಎಕ್ಸ್‌ಪ್ರೆಸ್‌ಗಳು ಎಲ್ಲ ಊರಿಗೂ ನಿಲ್ಲುವುದಿಲ್ಲ. ಆಟೊ ಆದರೆ ಹೋಗಿ ಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಬಾಡಿಗೆ ಮಾತಾಡಿ, ಅರ್ಧವನ್ನು ವಾಪಸು ಬಂದ ಮೇಲೆ ಕೊಡಿ. ಸಂಜೆ ಊರಿನಿಂದ ಖಾಲಿ ಆಟೊ ಸಿಗುವ ಭರವಸೆ ಇಲ್ಲ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ಹೊತ್ತು. ಊರಿನ ಕಡೆಯಿಂದ ಕಲ್ಮನೆಗಳವರೆಗೆ ಎರಡೂವರೆ–ಮೂರು ಕಿಲೋಮೀಟರ್ ನಡಿಗೆ. ‘ಅಷ್ಟೇ ತಾನೆ’ ಎನ್ನಬೇಡಿ. ಬಂಡೆ ಏರಬೇಕು, ಮುಳ್ಳುಕಂಟಿ ಸರಿಸಬೇಕು, ದಾರಿಯಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿರುವ ಬಂಡೆಗಳ ಹತ್ತಿರ ನಿಲ್ಲದೆ ಹೋಗಲು ಮನಸ್ಸಾಗುವುದಿಲ್ಲ. ಹತ್ತಲು ಒಂದೂವರೆ ತಾಸು, ಮೇಲೆ ಎರಡು ತಾಸು, ಇಳಿಯಲು ಒಂದೂಕಾಲು. ಇವರು ಎರಡು ಗಂಟೆಗೆ ಹತ್ತಲು ಶುರು ಮಾಡಿದರು. ಅಕ್ಟೋಬರ್ ಕೊನೆಗೆ ಅಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ನೂರಾರು ಕಲ್ಮನೆಗಳಿರುವ ಜಾಗವನ್ನು ಕಣ್ಣಾರೆ ಕಂಡಮೇಲೆ ‘ಇನ್ನೊಂದು ಐದು ನಿಮಿಷ’ ಎನ್ನದವರಿಲ್ಲ. ಅವರು ಐದು ಗಂಟೆಗೆ ತಿರುಗಿದರು. ಬಂಡೆಯ ಮೇಲೆ ಕಾಲುದಾರಿಯ ಗುರುತು ಉಳಿಯುವುದಿಲ್ಲ. ಹಗಲಲ್ಲೇ ತಪ್ಪುವ ದಾರಿ ಮಬ್ಬಿನಲ್ಲಿ ಎಲ್ಲಿಂದ ಸಿಗಬೇಕು?

ಬೆಳಕು ಹರಿದು ಒಂದರ್ಧ ತಾಸಾದ ಮೇಲೆ ಹತ್ತಲು ಶುರು ಮಾಡಿ. ಅದಕ್ಕೂ ಮೊದಲು ಬೇಡ, ಆ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ, ಮುಂಜಾವ ಮತ್ತು ಮುಸ್ಸಂಜೆ ಅವು ಓಡಾಡುವ ಹೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಹೋಗಲೇಬೇಡಿ, 40 ಡಿಗ್ರಿ ಬಿಸಿಲಿಗೆ ಕಾದ ಬಂಡೆ ಕಾಲನ್ನೂ ತಲೆಯನ್ನೂ ಒಟ್ಟಿಗೆ ಸುಡುತ್ತದೆ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಬೇಕೇಬೇಕು. ಆ ಆರು ಜನರ ಬಳಿ ಇದ್ದದ್ದು ಒಟ್ಟು ನಾಲ್ಕು ಲೀಟರ್. ಮೇಲೊಂದು ಕೆರೆ ಇದೆ, ಕಲ್ಲು ಕಿತ್ತ ಗುಂಡಿಯಲ್ಲಿ ನಿಂತ ನೀರು. ಅದನ್ನು ನಂಬಿ ಬಾಟಲಿ ಕಡಿಮೆ ಒಯ್ಯಬೇಡಿ, ಕುಡಿಯುವುದಕ್ಕಲ್ಲ ಅದು. ಓಆರ್‌ಎಸ್ ಪೊಟ್ಟಣ, ತಲೆಗೆ ಕಟ್ಟುವ ಟಾರ್ಚು, ಕ್ರೇಪ್ ಬ್ಯಾಂಡೇಜು, ಹಿಡಿತವಿರುವ ಬೂಟು ಇರಲಿ. ಬಂಡೆ ಸಂದಿಗೆ ನೋಡದೆ ಕೈ ಹಾಕಬೇಡಿ. ಹಾವು ಕಚ್ಚಿದರೆ ಆಸ್ಪತ್ರೆಗೆ ಗಂಗಾವತಿಯೇ ಗತಿ, ಅದಕ್ಕೂ ಮೊದಲು ಆಳನ್ನು ಹೊತ್ತುಕೊಂಡು ಗುಡ್ಡ ಇಳಿಯಬೇಕು. ಸೆಂಟು ಹಾಕಿಕೊಂಡು ಹೋಗುವುದು, ಹೊಗೆ ಎಬ್ಬಿಸುವುದು ಬೇಡ, ಹೆಜ್ಜೇನು ಕೆರಳಿದರೆ ಬಂಡೆಗಳ ನಡುವೆ ಓಡಲು ಜಾಗವಿಲ್ಲ.

ಊರಿನವರೊಬ್ಬರನ್ನು ಕರೆದುಕೊಂಡೇ ಹೋಗಿ. ಕುರಿ ಮೇಯಿಸುವವರಿಗೆ ಅಲ್ಲಿನ ಪ್ರತಿ ಗುಂಡೂ ಗೊತ್ತು, ಅವರ ಒಂದು ದಿನದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಬಡಿದರೆ ನಗಾರಿಯಂತೆ ಸದ್ದು ಮಾಡುವ ನಗಾರಿ ಗುಂಡು ಎಲ್ಲಿದೆ, ಯಾವ ಕಲ್ಮನೆಯ ಚಪ್ಪಡಿ ವಾಲಿದೆ ಎಂದು ಅವರೇ ತೋರಿಸುತ್ತಾರೆ. ವಾಲಿದ್ದರ ಕೆಳಗೆ ಫೋಟೊಗೆಂದು ಕೂರಬೇಡಿ. ಗಾರೆ ಇಲ್ಲದೆ, ಒಂದರ ಭಾರದಿಂದ ಇನ್ನೊಂದು ನಿಂತ ಚಪ್ಪಡಿಗಳವು, ನಿಧಿಗಳ್ಳರು ಬುಡ ಅಗೆದು ಎಷ್ಟೋ ಉರುಳಿವೆ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಿಂತದ್ದು ನಮ್ಮ ಭುಜ ತಾಗಿ ಬೀಳುವುದು ಬೇಡ. ನಗಾರಿ ಗುಂಡಿಗೆ ಕಲ್ಲಿನಿಂದ ಬಡಿಯುವುದನ್ನೂ ಬಿಡಿ, ಬಡಿದ ಕಡೆ ಚಕ್ಕೆ ಏಳುತ್ತದೆ.

ಜೊತೆಗೆ ಬರದ ಒಬ್ಬರಿಗೆ, ಆಟೊದವರಿಗೇ ಆದರೂ ಸರಿ, ಎಷ್ಟು ಜನ ಹತ್ತುತ್ತಿದ್ದೀರಿ, ಎಷ್ಟಕ್ಕೆ ಇಳಿಯುತ್ತೀರಿ ಎಂದು ಹೇಳಿ ಹೋಗಿ. ಮೇಲೆ ಫೋನು ಸಿಕ್ಕರೆ ಸಿಕ್ಕಿತು. ಆ ರಾತ್ರಿ ಊರಿನವರಿಗೆ ಸುದ್ದಿ ಮುಟ್ಟಿದ್ದು ಫೋನಿನಿಂದಲ್ಲ, ಕೆಳಗೆ ನಿಂತಿದ್ದ ಕಾರಿನ ಚಾಲಕ ಏಳು ಗಂಟೆಯಾದರೂ ಯಾರೂ ಬರಲಿಲ್ಲವೆಂದು ಅಂಗಡಿ ಕಟ್ಟೆಗೆ ಹೋಗಿ ಹೇಳಿದ್ದರಿಂದ.