ಮುಟ್ಟು ನಿಂತ ಮೇಲಿನ ಚರ್ಮಕ್ಕೆ ಸೆರಾಮೈಡ್ ಕ್ರೀಮ್, ಸನ್‌ಸ್ಕ್ರೀನ್, ರೆಟಿನಾಲ್: ವರ್ಷಗಟ್ಟಲೆ ಬಳಸಿ ಬರೆದದ್ದು

ನಾನು ಕಾಸರಗೋಡಿನ ಬದಿಯಡ್ಕದ ಕಡೆಯವಳು. ಮುಟ್ಟು ನಿಂತು ಕೆಲವು ವರ್ಷ ಆಯಿತು. ಈಗ ಬಳಸುವುದು ಮೂರೇ ಸಾಮಾನು: ಪರಿಮಳ ಹಾಕದ ಸೆರಾಮೈಡ್ ಕ್ರೀಮ್ (ಸೆರಾಮೈಡ್ ಅಂದರೆ ಚರ್ಮದಲ್ಲೇ ಇರುವ, ತೇವ ಹಿಡಿದಿಡುವ ಕೊಬ್ಬು), ಎಸ್‌ಪಿಎಫ್ 50 ಸನ್‌ಸ್ಕ್ರೀನ್, ರಾತ್ರಿಗೆ ಸುಕ್ಕಿಗೆ ಅಂತ ಸ್ವಲ್ಪ ರೆಟಿನಾಲ್, ಅಂದರೆ ವಿಟಮಿನ್ ಎ ಜಾತಿಯದ್ದು. ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಮೊದಲು ಕ್ರೀಮ್ ಕೊಳ್ಳಿ. ತುರಿಕೆ ನಿಂತು ರಾತ್ರಿ ನಿದ್ದೆ ಬಂದರೆ ಸಾಕು ಅನ್ನುವ ಸ್ಥಿತಿಯಲ್ಲಿ ಸುಕ್ಕಿನ ಯೋಚನೆ ಯಾರಿಗೆ ಬರುತ್ತದೆ?

ನಮ್ಮ ಊರಿನಲ್ಲಿ ಇಷ್ಟು ಸೆಕೆ, ಇಷ್ಟು ಬೆವರು, ಚರ್ಮ ಹೇಗೆ ಒಣಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಒಣಗುತ್ತದೆ. ಈಸ್ಟ್ರೊಜೆನ್ ಹಾರ್ಮೋನು ಇಳಿದಾಗ ಚರ್ಮದ ಎಣ್ಣೆ ಕಡಿಮೆಯಾಗುತ್ತದೆ, ನೀರು ಹಿಡಿದಿಡುವ ಶಕ್ತಿಯೂ ಕಡಿಮೆಯಾಗುತ್ತದೆ, ಮುಟ್ಟು ನಿಂತ ಮೊದಲ 5 ವರ್ಷದಲ್ಲೇ ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಸುಮಾರು 30 ಶೇಕಡಾ ಹೋಗುತ್ತದಂತೆ. ನನ್ನ ಮೊಣಕಾಲಿನ ಕೆಳಗಿನ ಚರ್ಮ ಒಣಗಿದ ಅಡಿಕೆ ಹಾಳೆಯ ಹಾಗೆ ಆಗಿತ್ತು. ಉಗುರು ತಾಗಿದರೆ ಬಿಳಿ ಗೆರೆ. ಕೆನ್ನೆಯಲ್ಲಿ ಬಂಗು ಬೇರೆ.

ಕ್ರೀಮ್ ಕೊಳ್ಳುವಾಗ ಡಬ್ಬಿಯ ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಜಾಸ್ತಿ ಇರುವ ವಸ್ತು ಮೊದಲು ಬರುತ್ತದೆ. ನೀರಿನ ನಂತರ ಗ್ಲಿಸರಿನ್ ಇದ್ದು, ಕೆಳಗೆ ಎಲ್ಲಾದರೂ ಸೆರಾಮೈಡ್ ಎನ್‌ಪಿ, ಎಪಿ ಅಂತ ಕಂಡರೆ ಸಾಕು. ಅಕ್ಕ ಮಂಗಳೂರಿನಿಂದ ‘ಮೆನೋಪಾಸ್ ಸ್ಪೆಷಲ್’ ಅಂತ ಬರೆದ ಚಿಕ್ಕ ಡಬ್ಬಿ ತಂದಿದ್ದಳು. ಅದನ್ನೂ ನನ್ನ ಕ್ರೀಮನ್ನೂ ಪಕ್ಕ ಪಕ್ಕ ಇಟ್ಟು ಓದಿದೆವು. ಅದೇ ಗ್ಲಿಸರಿನ್, ಅದೇ ನಿಯಾಸಿನಮೈಡ್, ಮೇಲಿಂದ ಘಮಘಮ ಪರಿಮಳ, ಬೆಲೆ ಮಾತ್ರ ದುಪ್ಪಟ್ಟಿಗಿಂತ ಜಾಸ್ತಿ. ಆ ಪರಿಮಳಕ್ಕೆ ನನ್ನ ಕುತ್ತಿಗೆ ಉರಿಯಿತು.

ಹಚ್ಚುವ ಹೊತ್ತು ಮುಖ್ಯ. ಸ್ನಾನ ಮುಗಿಸಿ ಬಚ್ಚಲಿನಿಂದ ಹೊರಬರುವ ಮೊದಲೇ, ಮೈ ಇನ್ನೂ ತೇವ ಇರುವಾಗಲೇ ಹಚ್ಚಬೇಕು. ಹಂಡೆಯ ಸುಡುನೀರು ಬಿಟ್ಟು ಉಗುರುಬೆಚ್ಚಗಿನ ನೀರಿಗೆ ಬಂದರೆ ಅರ್ಧ ಕೆಲಸ ಆದ ಹಾಗೆ. ಇದು ನಮ್ಮವರಿಗೆ ಕಷ್ಟ, ಸುಡುನೀರು ಮೀಯದಿದ್ದರೆ ಮಿಂದ ಹಾಗೇ ಆಗುವುದಿಲ್ಲ ಅಲ್ವಾ. ಕೈಕಾಲಿಗೆ ತೆಂಗಿನೆಣ್ಣೆ ಈಗಲೂ ಹಚ್ಚುತ್ತೇನೆ, ಒದ್ದೆ ಮೈಗೆ ಹಚ್ಚಿದರೆ ನೀರನ್ನು ಒಳಗೇ ಹಿಡಿದಿಡುತ್ತದೆ. ಮುಖಕ್ಕೆ ಬೇಡ, ತುಂಬಾ ಜನರಿಗೆ ಗುಳ್ಳೆ ಏಳುತ್ತದೆ. ಇನ್ನು ರಾತ್ರಿ ಬಿಸಿ ಏರಿ ಬೆವರುವವರು ದಪ್ಪ ಕ್ರೀಮನ್ನು ಮುಖ, ಎದೆಗೆ ಹಚ್ಚಿ ಮಲಗಬೇಡಿ, ಉಸಿರು ಕಟ್ಟಿದ ಹಾಗೆ ಆಗುತ್ತದೆ. ತೆಳು ಲೋಷನ್ ಸಾಕು.

ಸನ್‌ಸ್ಕ್ರೀನ್ ಬಗ್ಗೆ ನನ್ನ ದೂರು ಒಂದೇ. ಅಂಗಳದಲ್ಲಿ ಅಡಿಕೆ ಹರವುವಾಗ ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿಯುತ್ತದೆ. ಝಿಂಕ್ ಆಕ್ಸೈಡ್ ಇರುವುದು ಅಷ್ಟು ಉರಿಯುವುದಿಲ್ಲ, ಆದರೆ ಮುಖ ಬೂದಿ ಬಳಿದ ಬಣ್ಣ ಆಗುತ್ತದೆ. ಕೊನೆಗೆ ಐರನ್ ಆಕ್ಸೈಡ್ ಹಾಕಿದ, ಚರ್ಮದ ಬಣ್ಣದ್ದೇ ಇರುವ ಸನ್‌ಸ್ಕ್ರೀನ್‌ಗೆ ಬಂದೆ. ಬಂಗಿಗೆ ಅದೇ ಒಳ್ಳೆಯದು, ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು ಮುಖ, ಕುತ್ತಿಗೆಗೆ ಬೇಕು. ಹೊರಗೆ ಕೆಲಸ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಪೂರ್ತಿ ಹೋಗಿಲ್ಲ. ತಿಳಿಯಾಗಿದೆ, ಹರಡುವುದು ನಿಂತಿದೆ.

ರೆಟಿನಾಲ್ ನಿಧಾನದ ಸಾಮಾನು. ಕಡಲೆಕಾಳಿನಷ್ಟು, ಮೊದಮೊದಲು ವಾರಕ್ಕೆ ಎರಡು ರಾತ್ರಿ, ಅದೂ ಕ್ರೀಮ್ ಹಚ್ಚಿದ ಮೇಲೆ. ತಿಂಗಳುಗಟ್ಟಲೆ ಕಾಯಬೇಕು. ಸಿಪ್ಪೆ ಏಳುತ್ತಿದ್ದರೆ ಬಿಟ್ಟು ಬಿಟ್ಟು ಹಚ್ಚಿ. ಮುಟ್ಟು ಇನ್ನೂ ನಿಂತಿಲ್ಲ, ಏರುಪೇರು ಅಷ್ಟೇ ಅನ್ನುವವರು ನೆನಪಿಡಿ, ಬಸುರಿ ಆಗುವ ಸಾಧ್ಯತೆ ಇದ್ದರೆ ಇದನ್ನು ಮುಟ್ಟಲೇಬಾರದು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಂಗಿಗೆ ಅಂತ ಅಂಗಡಿಯವರು ಸುಮ್ನೆ ಎತ್ತಿಕೊಡುವ ಟ್ಯೂಬಿನಲ್ಲಿ ಬೆಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸೋಲ್ ಅಂತ ಇದ್ದರೆ ಅದು ಸ್ಟೆರಾಯ್ಡ್. ಮೊದಲೇ ತೆಳುವಾದ ನಮ್ಮ ವಯಸ್ಸಿನ ಚರ್ಮವನ್ನು ಇನ್ನೂ ತೆಳುಮಾಡುತ್ತದೆ. ವಿಳಾಸ, ಲೈಸೆನ್ಸ್ ನಂಬರ್ ಇಲ್ಲದ ‘ಬಿಳಿಯಾಗುವ’ ಕ್ರೀಮ್ ಅಂತೂ ಬೇಡವೇ ಬೇಡ. 2023ರಲ್ಲಿ ಮಲಪ್ಪುರಂ ಕಡೆ ಅಂಥ ಕ್ರೀಮ್ ಹಚ್ಚಿದ ಕೆಲವರ ಕಿಡ್ನಿಯೇ ಕೆಟ್ಟಿತು. ಅದರಲ್ಲಿದ್ದ ಪಾದರಸದಿಂದ. ಮದುವೆ ಸೀಸನ್ನಿನಲ್ಲಿ ಇವು ಕೈಯಿಂದ ಕೈಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕ್ರೀಮ್ ಹಚ್ಚಿಯೂ ಮೈಯೆಲ್ಲಾ ತುರಿಕೆ ನಿಲ್ಲದಿದ್ದರೆ ಥೈರಾಯ್ಡ್, ಶುಗರ್ ಪರೀಕ್ಷೆ ಮಾಡಿಸಿ. ಎಲ್ಲವನ್ನೂ ಮುಟ್ಟು ನಿಂತದ್ದರ ತಲೆಗೆ ಕಟ್ಟಬೇಡಿ.