ಕುಯ್ಲು ಮುಗಿದ ಮೇಲೆ ಕಂತು: ಝಡ್4 ಲೀಸಿಗೆ ತೆಗೆದುಕೊಂಡ ಕಥೆ

ಕೊಡಗಿನ ಅಮ್ಮತ್ತಿ ಹತ್ತಿರ ನಮ್ಮದು ರೋಬಸ್ಟಾ ಕಾಫಿ ತೋಟ. ಮೂವತ್ತು ವರ್ಷ ಜೀಪು ಓಡಿಸಿದ್ದೇನೆ. 58ನೇ ವಯಸ್ಸಿಗೆ ಎರಡೇ ಸೀಟಿನ ಬಿಎಂಡಬ್ಲ್ಯು ಝಡ್4 ಬೇಕು ಅನ್ನಿಸಿತು. "ಗೊಬ್ಬರದ ಮೂಟೆ ಎಲ್ಲಿಡ್ತೀಯಾ?" ಎಂದು ನಮ್ಮನೆಯವರು ಕೇಳಿದರು. ಡಿಕ್ಕಿ 281 ಲೀಟರು. ಒಂದು ಮೂಟೆ ಹಿಡಿಯುತ್ತದೆ, ಆದರೆ ನಾನು ಇಡುವುದಿಲ್ಲ.

ಎಕ್ಸ್‌ಶೋರೂಂ ಬೆಲೆಯೇ ಕೋಟಿಯ ಹತ್ತಿರ ಇತ್ತು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ 18%, ಅದರ ಮೇಲೆ ಸೆಸ್ ಬೇರೆ. ಅಷ್ಟು ದುಡ್ಡು ಒಟ್ಟಿಗೆ ಸುರಿಯಲು ಮನಸ್ಸು ಬರಲಿಲ್ಲ. ಕಾರನ್ನು ವರ್ಷಗಟ್ಟಲೆ ಬಾಡಿಗೆಗೆ ಕೊಡುವ, ಬೆಂಗಳೂರಿನ ಒಂದು ಲೀಸ್ ಕಂಪನಿಗೆ ಹೋದೆ. ಹೆಸರು ಬೇಡ.

"ಮೇಡಂ, ಟ್ಯಾಕ್ಸ್ ಭಾರೀ ಉಳಿಯುತ್ತೆ" ಎಂದು ಶುರು ಮಾಡಿದ ಅಲ್ಲಿನ ಹುಡುಗ. ಅದು ಸಂಬಳದವರಿಗೆ ಹೇಳುವ ಮಾತು. ಕಾಫಿ ಬೆಳೆದು, ಕ್ಯೂರಿಂಗ್ ಮಾಡಿಸಿ (ಅಂದರೆ ಸಿಪ್ಪೆ ತೆಗೆಸಿ ಬೀಜ ಹಸನು ಮಾಡಿಸಿ) ಮಾರಿದರೆ ಆದಾಯದ 25% ಮಾತ್ರ ವ್ಯಾಪಾರದ ಆದಾಯ. ಉಳಿದದ್ದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆಯೇ ಇಲ್ಲ. ಬಹುಪಾಲು ಇಲ್ಲದ ತೆರಿಗೆಯಲ್ಲಿ ಏನು ಉಳಿಸೋದು? ಮೇಲಾಗಿ ಕಾರಿಗೆ ಇರುವ ಜಿಎಸ್‌ಟಿ ದರವೇ ಲೀಸ್ ಬಾಡಿಗೆಗೂ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಅದು 40%. ಹುಡುಗ ಕೊಟ್ಟ ಚೀಟಿಯಲ್ಲಿ ಈ ಸಾಲು ಅಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿತ್ತು.

ನಿಜವಾದ ಚೌಕಾಸಿ ನಡೆದದ್ದು ಕಂತಿನ ಮೇಲೆ. ಅವರಿಗೆ ಪ್ರತಿ ತಿಂಗಳು 5ನೇ ತಾರೀಕು ದುಡ್ಡು ಬೇಕು. ನಮಗೆ ದುಡ್ಡು ಬರುವುದು ಕುಯ್ಲು ಮುಗಿದು, ಕಣದಲ್ಲಿ ಚೆರ್ರಿ, ಅಂದರೆ ಕಾಫಿ ಹಣ್ಣು, ಒಣಗಿ, ಮಾರಾಟವಾದ ಮೇಲೆ. ಅಂದರೆ ಮಾರ್ಚ್, ಏಪ್ರಿಲ್. ಮಳೆಗಾಲದಲ್ಲಿ ಕೈಯಿಂದ ಹೋಗುವುದೇ ಜಾಸ್ತಿ. ನಾಲ್ಕು ವರ್ಷದ ಲೀಸಿಗೆ ಒಟ್ಟು ಎಷ್ಟಾಗುತ್ತದೆ ಎಂದು ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಕೈಲಿ ಕೂಡಿಸಿ, ಏಪ್ರಿಲ್‌ನಲ್ಲಿ ಒಂದು ದೊಡ್ಡ ಕಂತು, ಉಳಿದ ತಿಂಗಳು ಸಣ್ಣದು ಎಂದು ಕೇಳಿದೆ. ಎರಡು ವಾರ ಎಳೆದಾಡಿದರು. ಒಪ್ಪಿದರು. ಕಿಲೋಮೀಟರ್ ಮಿತಿಯನ್ನು ವರ್ಷಕ್ಕೆ 15,000ದಿಂದ 10,000ಕ್ಕೆ ಇಳಿಸಿ ಬಾಡಿಗೆಯನ್ನೂ ಕಡಿಮೆ ಮಾಡಿಸಿದೆ. ನಾನು ಹೋಗುವುದು ಗೋಣಿಕೊಪ್ಪ, ವಿರಾಜಪೇಟೆ, ಅಪರೂಪಕ್ಕೆ ಮೈಸೂರು.

ಇನ್ನು ಕಾರಿನ ಆಯ್ಕೆಗಳು. ಮ್ಯಾಟ್ ಹಸಿರು ಬಣ್ಣ ನೋಡಲು ಚೆಂದ, ಆದರೆ ಕಾಫಿ ಗಿಡದ ರೆಕ್ಕೆ (ಕೊಂಬೆ) ಗೀಚಿದರೆ ಪಾಲಿಶ್ ಹಾಕಿ ತೆಗೆಯಲಾಗದು. ಹೊಳೆಯುವ ಹಸಿರನ್ನೇ ತೆಗೆದುಕೊಂಡೆ. ಗೇರಿನ ವಿಷಯಕ್ಕೆ 8 ಗೇರಿನ ಆಟೋಮ್ಯಾಟಿಕ್ ತೆಗೆದುಕೊಳ್ಳಿ, ಮುಂದೆ ಮಾರಲು ಸುಲಭ ಎಂದರು. ಮಾರುವುದು ಅವರ ತಲೆನೋವು, ಕಾರು ಅವರ ಹೆಸರಲ್ಲೇ ಇರುತ್ತದಲ್ವಾ! 6 ಗೇರಿನ ಮ್ಯಾನುಯಲ್ ಹಾಕಿಸಿದೆ. 3 ಲೀಟರಿನ ಆರು ಸಿಲಿಂಡರ್, 340 ಕುದುರೆ ಶಕ್ತಿ. ಸುಂಟಿಕೊಪ್ಪದಿಂದ ಮಡಿಕೇರಿಗೆ ಏರುವಾಗ ಮೂರನೇ ಗೇರಿನಲ್ಲಿ ಅದು ಮಾಡುವ ಸದ್ದಿಗೆ ನಾನು ರೇಡಿಯೋ ಹಾಕುವುದನ್ನೇ ಬಿಟ್ಟಿದ್ದೇನೆ. ಬಟ್ಟೆಯ ಟಾಪು 10 ಸೆಕೆಂಡಿನಲ್ಲಿ ಮುಚ್ಚುತ್ತದೆ, 50 ಕಿ.ಮೀ. ವೇಗದವರೆಗೆ ಓಡುತ್ತಲೇ ಮುಚ್ಚಬಹುದು. ನಮ್ಮ ಮಳೆ ಅಷ್ಟು ಹೊತ್ತೂ ಕಾಯುವುದಿಲ್ಲ ಅನ್ನೋದು ಬೇರೆ ಮಾತು. ಒಮ್ಮೆ ಮಡಿಲಲ್ಲಿದ್ದ ಬ್ಯಾಂಕಿನ ಕಾಗದವೆಲ್ಲ ನೆಂದಿತ್ತು.

ಸೋತದ್ದು ಸೀಟಿನಲ್ಲಿ. ಬರುವುದು ಲೆದರ್ ಸೀಟು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಸೀಟಿನ ಬೂಷ್ಟನ್ನು ಸಾಮಾನ್ಯ ಸವೆತ ಎಂದು ಕರಾರಿನಲ್ಲಿ ಬರೆಯಿರಿ ಎಂದೆ. ಹುಡುಗನಿಗೆ ನಗು. ಅವನ ಮೇಲಿನವರು ಒಪ್ಪಲೇ ಇಲ್ಲ. ವಾಪಸ್ ಕೊಡುವಾಗ ಕಲೆ ಇದ್ದರೆ ದಂಡ ನನ್ನದೇ.

ಲೀಸಿನ ಮೊದಲ ಎರಡು ಬಿಲ್ಲು, ಕಂತು ಬದಲಿಸುವ ಮುಂಚಿನ ಹಳೇ ಲೆಕ್ಕದಲ್ಲೇ ಬಂದವು. ಸರಿಮಾಡಿಸಲು ಆರು ಫೋನು. ಕಾರಿಗೆ 5ಕ್ಕೆ 5, ಲೀಸ್ ಕಂಪನಿಗೆ 3.

ಈಗ ಕಾರು ಶೆಡ್ಡಿನಲ್ಲಿದೆ, ಜೀಪು ಹೊರಗೆ ನೆನೆಯುತ್ತಿದೆ. ದಿನಾ ಸಂಜೆ ಒಣಬಟ್ಟೆ ಹಿಡಿದು ಎರಡು ಸೀಟು ಒರೆಸುತ್ತೇನೆ. ನಮ್ಮನೆಯವರು ಜಗಲಿಯಲ್ಲಿ ಕೂತು ನೋಡುತ್ತಾರೆ. ಮೂಟೆಯ ಮಾತು ಎತ್ತುವುದಿಲ್ಲ.